‘ಮಾರ್ಷಲ್’ ಎಂಬುದಕ್ಕೆ ‘ಸಾಹಣಿ’ ಸಲ್ಲುತ್ತದೆಯೇ?

ರಾವುತನಾಗಿ ಹೆಸರು ಮಾಡಿ ಮುಂದೆ ರಾಜ್ಯದ ಹೊಣೆಯನ್ನೇ ಹೊತ್ತ ಇಂಗ್ಲೆಂಡಿನ ವಿಲಿಯಂ ಮಾರ್ಷಲನ (ಸು. 1147–1219) ಬದುಕನ್ನೂ ಮನೆತನವನ್ನೂ ಕುರಿತು ಒಂದು ಲೇಖನ ಬರೆಯಲು ಕುಳಿತಿದ್ದೇನೆ; ಆದರೆ ಬರವಣಿಗೆ ಅವನ ಹೆಸರಿನಲ್ಲೇ ಸಿಕ್ಕಿಕೊಂಡಿದೆ. ‘ಮಾರ್ಷಲ್’ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳಬೇಕೇ, ಅಥವಾ ಕುದುರೆ ಲಾಯದ ಅಧಿಕಾರಿಗೆ ನಮ್ಮ ಶಾಸನಗಳಲ್ಲಿರುವ ‘ಸಾಹಣಿ’ ಎಂಬ ಪದವನ್ನು ಅದಕ್ಕೆ ಒಪ್ಪಿಸಬಹುದೇ ಎಂಬುದು ನನ್ನ ಪ್ರಶ್ನೆ.

ಪದವನ್ನು ಹಾಗೆಯೇ ಬಿಟ್ಟರೆ ಇಂದಿನ ಓದುಗನ ಕಣ್ಣ ಮುಂದೆ ಬರುವವರು ಬೇರೆಯೇ ಜನ. ಸದನದಲ್ಲಿ ಗದ್ದಲವಾದಾಗ ಸದಸ್ಯರನ್ನು ಎತ್ತಿ ಹೊರಗೆ ಹಾಕುವವರು ಮಾರ್ಷಲ್‌ಗಳು. ಕೋವಿಡ್ ಕಾಲದ ಬೆಂಗಳೂರಿನಲ್ಲಿ ಮಾಸ್ಕ್ ಹಾಕದವರಿಗೆ ದಂಡ ವಿಧಿಸಿದವರೂ ಮಾರ್ಷಲ್‌ಗಳು. ಇನ್ನೊಂದು ತುದಿಯಲ್ಲಿ ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರಿದ್ದಾರೆ. ಇದರ ಮೇಲೆ ನಮ್ಮ ಲಿಪಿಯಿಂದಲೇ ಹುಟ್ಟುವ ತೊಡಕೊಂದಿದೆ. ‘ಕೋರ್ಟ್ ಮಾರ್ಷಲ್’, ‘ಮಾರ್ಷಲ್ ಲಾ’ ಎಂಬಲ್ಲಿನ ಪದ ರೋಮನ್ನರ ಯುದ್ಧದೇವತೆ ಮಾರ್ಸ್‌ನಿಂದ ಬಂದದ್ದು, ನಮ್ಮ ವಿಲಿಯಮನ ಹೆಸರಿಗೂ ಅದಕ್ಕೂ ಯಾವ ನಂಟೂ ಇಲ್ಲ; ಇಂಗ್ಲಿಷಿನಲ್ಲಿ ಎರಡರ ಕಾಗುಣಿತ ಬೇರೆಯಾದರೂ ಕನ್ನಡದಲ್ಲಿ ಬರೆದಾಗ ಎರಡೂ ಒಂದೇ ಆಗಿಬಿಡುತ್ತವೆ.

ಮೂಲದಲ್ಲಿ ಮಾರ್ಷಲ್ ಎಂದರೆ ಕುದುರೆಯಾಳು. ಹಳೆಯ ಜರ್ಮಾನಿಕ್ ನುಡಿಗಳ ‘ಕುದುರೆ’ ಮತ್ತು ‘ಆಳು’ ಎಂಬರ್ಥದ ಎರಡು ಪದಗಳು ಕೂಡಿ, ಫ್ರೆಂಚಿನ ‘ಮಾರೆಷಾಲ್’ ಆಗಿ, ಇಂಗ್ಲೆಂಡಿಗೆ ಬಂದವು. ಲಾಯ ನೋಡಿಕೊಳ್ಳುತ್ತಿದ್ದವನು ಕ್ರಮೇಣ ಅರಮನೆಯ ದೊಡ್ಡ ಅಧಿಕಾರಿಯಾದ, ದಂಡಿನ ಮುಂದಾಳೂ ಆದ. ಫ್ರೆಂಚರಲ್ಲಿ ಮಾತ್ರ ಪದದ ಎರಡು ಕೊನೆಗಳೂ ಇಂದಿಗೂ ಉಳಿದಿವೆ: ಸೇನೆಯ ಅತ್ಯುನ್ನತ ಗೌರವಕ್ಕೂ ಅದೇ ಹೆಸರು, ‘ಮಾರೆಷಾಲ್ ಫೆರಾಂ’ ಎಂದರೆ ಕುದುರೆಗೆ ಲಾಳ ಹೊಡೆಯುವವನು.

ಸಂಸ್ಕೃತದ ‘ಸಾಧನಿಕ’ದಿಂದ ಬಂದ ‘ಸಾಹಣಿ’ಗೆ ಲಾಯದ ಮೇಲ್ವಿಚಾರಕ, ಕುದುರೆ ದಂಡಿನ ಅಧಿಕಾರಿ ಎಂಬ ಎರಡೂ ಅರ್ಥಗಳಿವೆ, ಶಾಸನಗಳಲ್ಲಿ ‘ಮಹಾಸಾಹಣಿ’ಯೂ ಇದೆ. ‘ದಂಡನಾಯಕ’ ಎಂದು ಬರೆದರೆ ಕುದುರೆ ಮಾಯವಾಗುತ್ತದೆ, ಕೌಟಿಲ್ಯನ ‘ಅಶ್ವಾಧ್ಯಕ್ಷ’ ಎಂದರೆ ಯುದ್ಧ ಮಾಯವಾಗುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದಿಡುವುದು ಸಾಹಣಿಯೇ ಎಂದು ನನಗೆ ತೋರುತ್ತದೆ.

ತೊಡಕಿರುವುದು ಮನೆತನದ ಕಥೆಯಲ್ಲಿ. ದೊರೆಯ ಮಾರ್ಷಲ್ ಎಂಬ ಈ ಹುದ್ದೆ ವಿಲಿಯಮನ ತಾತ ಗಿಲ್ಬರ್ಟನಿಂದ ತಂದೆ ಜಾನನಿಗೆ, ಅವನಿಂದ ಅಣ್ಣ ಜಾನನಿಗೆ ಬಂದಿತ್ತು. ವಿಲಿಯಂ ನಾಲ್ಕನೆಯ ಮಗ. 1194ರಲ್ಲಿ ಅಣ್ಣ ತೀರಿಕೊಂಡ ಮೇಲಷ್ಟೇ ಹುದ್ದೆ ಅವನ ಕೈಗೆ ಬಂತು. ಅದಕ್ಕೂ ಮೊದಲಿನ ಸುಮಾರು ನಲವತ್ತೇಳು ವರ್ಷ ಅವನು ಹೆಸರಿನಿಂದ ಮಾರ್ಷಲ್ ಆಗಿದ್ದನೇ ಹೊರತು ಅಧಿಕಾರದಿಂದ ಅಲ್ಲ. 1168ರಲ್ಲಿ ಫ್ರಾನ್ಸಿನ ಪ್ವಾತುವಿನಲ್ಲಿ ಸೋದರಮಾವ, ಸಾಲಿಸ್ಬರಿಯ ಅರ್ಲ್ (ಮೇಲ್ದರ್ಜೆಯ ಶ್ರೀಮಂತ) ಪ್ಯಾಟ್ರಿಕ್ ಕೊಲೆಯಾದಾಗ ಸೆರೆಸಿಕ್ಕು, ರಾಣಿ ಎಲಿನಾರ್ ಹಣ ತೆತ್ತು ಬಿಡಿಸಿದ ತರುಣ ರಾವುತನನ್ನು ‘ಸಾಹಣಿ ವಿಲಿಯಂ’ ಎಂದರೆ ತಪ್ಪಾಗುತ್ತದೆ. (ಇಂಗ್ಲಿಷಿನ ‘ಅಂಕಲ್’ಗೆ ಇಲ್ಲಿ ‘ಸೋದರಮಾವ’ ಎಂದೊಡನೆ ಸಂಬಂಧ ತಾಯಿಯ ಕಡೆಯದೆಂದು ತಿಳಿದುಬಿಡುತ್ತದೆ, ಭಾಷಾಂತರಕಾರನಿಗೆ ಇಂಥ ಲಾಭ ಅಪರೂಪ.)

ಬಾಲ್ಯದ ಪ್ರಸಂಗವೊಂದರಲ್ಲಿ ಇನ್ನೆರಡು ಪದಗಳು ಕಾಡುತ್ತಿವೆ. 1152ರಲ್ಲಿ ದೊರೆ ಸ್ಟೀಫನ್ ನ್ಯೂಬರಿಯ ಕೋಟೆಗೆ ಮುತ್ತಿಗೆ ಹಾಕಿದಾಗ, ತಂದೆ ಜಾನ್ ಐದಾರು ವರ್ಷದ ಈ ಹುಡುಗನನ್ನು ಒತ್ತೆಯಿಟ್ಟು ಗಡುವು ಪಡೆದ, ಗಡುವಿನಲ್ಲೇ ಕೋಟೆಗೆ ದವಸ ತುಂಬಿ ಮಾತು ಮುರಿದ. ಮಗನನ್ನು ಗಲ್ಲಿಗೇರಿಸುವೆನೆಂದು ದೊರೆ ಹೇಳಿಕಳುಹಿಸಿದರೆ, ಇದಕ್ಕಿಂತ ಒಳ್ಳೆಯ ಮಕ್ಕಳನ್ನು ಮಾಡುವ ಸುತ್ತಿಗೆಯೂ ಅಡಿಗಲ್ಲೂ ನನ್ನ ಬಳಿ ಇವೆ ಎಂದನಂತೆ. ಕಮ್ಮಾರನ ಕುಲುಮೆಯ ಅಡಿಗಲ್ಲೆಂದರೆ ಇಂದು ಎಷ್ಟು ಮಂದಿಗೆ ಅರ್ಥವಾದೀತು? ಪತ್ರಿಕೆ ಓದುವವರಿಗೆ ಮಂತ್ರಿಗಳು ಕಟ್ಟಡಕ್ಕೆ ಹಾಕುವ ಅಡಿಗಲ್ಲೇ ಮೊದಲು ನೆನಪಾಗುತ್ತದೆ. ದೊರೆಗೆ ಕೊನೆಗೂ ಹುಡುಗನನ್ನು ಕೊಲ್ಲಲು ಮನಸ್ಸಾಗಲಿಲ್ಲ. ಅವನ ಡೇರೆಯಲ್ಲಿ ಹುಡುಗ ಹುಲ್ಲಿನ ನಡುವಿನ ಗಿಡದ ಕಡ್ಡಿಗಳನ್ನು ಕಿತ್ತು, ಒಂದನ್ನು ದೊರೆಯ ಕೈಗೆ ಕೊಟ್ಟು, ಕಡ್ಡಿಗೆ ಕಡ್ಡಿ ಹೊಡೆದು ತಲೆ ಹಾರಿಸುವ ಆಟ ಆಡಿದನಂತೆ. ಉದುರಿದ್ದು ದೊರೆಯ ಕಡ್ಡಿಯ ತಲೆ. ಆ ಗಿಡ ಇಂಗ್ಲಿಷಿನಲ್ಲಿ ‘ಪ್ಲಾಂಟೇನ್’. ನಿಘಂಟು ತೆರೆದು ಅದನ್ನು ‘ಬಾಳೆ’ ಎಂದು ಬರೆದರೆ ದೊರೆಯೂ ಮಗುವೂ ಬಾಳೆದಿಂಡು ಹಿಡಿದು ಹೊಡೆದಾಡಿದಂತಾಗುತ್ತದೆ! ಅದು ನೆಲಕ್ಕಂಟಿದ ಎಲೆಗಳ ನಡುವೆ ತೆನೆಯಂಥ ಹೂಗಡ್ಡಿ ಎತ್ತುವ ಕಳೆಗಿಡ. ಹಳೆಯ ಫ್ರೆಂಚಿನಲ್ಲಿ ಅದರ ಹೆಸರು ‘ಷೆವಾಲಿಯೇ’, ಅಂದರೆ ರಾವುತ. ಆಟದ ಸೊಗಸಿರುವುದು ಆ ಶ್ಲೇಷೆಯಲ್ಲಿ. ‘ರಾವುತನ ಕಡ್ಡಿ’ ಎಂದು ನಾನೇ ಕಟ್ಟಿಕೊಂಡಿದ್ದೇನೆ. ಸರಿ ಕಾಣದಿದ್ದರೆ ತಿದ್ದಬೇಕು.

ಮದುವೆಯ ಪ್ರಸಂಗದಲ್ಲಿ ‘ವಾರ್ಡ್’, ಅಂದರೆ ಇನ್ನೊಬ್ಬರ ವಶದಲ್ಲಿರುವ ತಬ್ಬಲಿ, ಎಂಬ ಪದ ಬರುತ್ತದೆ. 1189ರಲ್ಲಿ ವಿಲಿಯಂ ಮದುವೆಯಾದ ಇಸಾಬೆಲ್ ಡಿ ಕ್ಲೇರ್, ‘ಸ್ಟ್ರಾಂಗ್‌ಬೋ’ ಎಂದು ಹೆಸರಾದ ರಿಚರ್ಡ್ ಡಿ ಕ್ಲೇರನಿಗೂ ಐರ್ಲೆಂಡಿನ ಲೆನ್ಸ್‌ಟರ್ ಅರಸನ ಮಗಳು ಈಫಾಳಿಗೂ ಹುಟ್ಟಿದವಳು, ಅಪಾರ ಆಸ್ತಿಯ ಹಕ್ಕುದಾರಳು. ತಂದೆಯಿಲ್ಲದ ಅವಳನ್ನು ಯಾರಿಗೆ ಕೊಡಬೇಕೆಂಬುದು ದೊರೆಯ ಇಷ್ಟಕ್ಕೆ ಬಿಟ್ಟ ವಿಷಯವಾಗಿತ್ತು. ‘ಪೋಷ್ಯೆ’ ಎಂದರೆ ದೊರೆ ಅಕ್ಕರೆಯಿಂದ ಸಾಕಿದಂತೆ ಕೇಳಿಸುತ್ತದೆ. ಕಚೇರಿಯ ಕನ್ನಡದ ‘ಸುಪರ್ದಿ’ಯೇ ನಿಜಕ್ಕೆ ಹತ್ತಿರ, ಆದ್ದರಿಂದ ‘ದೊರೆಯ ಸುಪರ್ದಿನಲ್ಲಿದ್ದ ಹೆಣ್ಣು’ ಎಂದು ಬರೆದಿದ್ದೇನೆ. ವಿಲಿಯಂ ಪೆಂಬ್ರೋಕಿನ ಅರ್ಲ್ ಆದದ್ದು (1199) ಈ ಸಂಬಂಧದ ಫಲ.

ಎಳೆಯ ದೊರೆಯ ಪರವಾಗಿ ಆಳುವವರಿಗೆ ಸಲ್ಲುವ ‘ರೀಜೆಂಟ್’ ಎಂಬುದನ್ನು ಮಾತ್ರ ಹಾಗೆಯೇ ಇಟ್ಟುಕೊಂಡಿದ್ದೇನೆ. 1216ರಲ್ಲಿ ದೊರೆ ಜಾನ್ ತೀರಿಕೊಂಡು ಒಂಬತ್ತು ವರ್ಷದ ಮೂರನೆಯ ಹೆನ್ರಿ ಪಟ್ಟಕ್ಕೆ ಬಂದಾಗ ರಾಜ್ಯದ ಹೊಣೆ ಹೊತ್ತು, ಮರುವರ್ಷ ಎಪ್ಪತ್ತರ ವಯಸ್ಸಿನಲ್ಲಿ ಲಿಂಕನ್ ಕಾಳಗವನ್ನು ಗೆದ್ದವನು ವಿಲಿಯಂ. ‘ರಾಜಪ್ರತಿನಿಧಿ’ ಎಂದರೆ ವೈಸ್‌ರಾಯ್ ನೆನಪಾಗುತ್ತಾನೆ. ನಾಲ್ವಡಿ ಕೃಷ್ಣರಾಜ ಒಡೆಯರ ಬಾಲ್ಯದಲ್ಲಿ ವಾಣಿವಿಲಾಸ ಸನ್ನಿಧಾನದವರು 1902ರವರೆಗೆ ರೀಜೆಂಟರಾಗಿದ್ದುದರಿಂದ ಈ ಪದ ನಮ್ಮವರಿಗೆ ಹೊಸದಲ್ಲ.

ಮತ್ತೆ ಮೊದಲಿನ ಪ್ರಶ್ನೆಗೆ ಬರುತ್ತೇನೆ. ವಿಲಿಯಮನಿಗೆ ಐವರು ಗಂಡುಮಕ್ಕಳು, ಐವರು ಹೆಣ್ಣುಮಕ್ಕಳು. ಗಂಡುಮಕ್ಕಳು ಒಬ್ಬರ ನಂತರ ಒಬ್ಬರು ಅರ್ಲ್ ಆಗಿ, 1245ರ ಹೊತ್ತಿಗೆ ಐವರೂ ವಾರಸುದಾರರಿಲ್ಲದೆ ತೀರಿಕೊಂಡರು; ಆಸ್ತಿ ಹೆಣ್ಣುಮಕ್ಕಳ ಪಾಲಿಗೆ ಹಂಚಿಹೋಗಿ, ಹುದ್ದೆ ಹಿರಿಯ ಮಗಳು ಮಾಡ್‌ಳ ಮೂಲಕ ಅವಳ ಮಗ ರೋಜರ್ ಬೈಗಾಡನಿಗೆ ಸೇರಿತು. ಹೆಸರು ಒಂದು ಮನೆತನದಲ್ಲಿ ಮುಗಿದು, ಹುದ್ದೆ ಇನ್ನೊಂದಕ್ಕೆ ದಾಟಿತು. ಆದ್ದರಿಂದ ಮನೆತನದ ಹೆಸರಾದಲ್ಲಿ ‘ಮಾರ್ಷಲ್’, ಹುದ್ದೆಯಾದಲ್ಲಿ ‘ಸಾಹಣಿ’ ಎಂದು ಎರಡಾಗಿ ಬರೆಯುವ ಯೋಚನೆಯಿದೆ. ನಮ್ಮ ಶಾಸನಗಳಲ್ಲಿ ಸಾಹಣಿ ಎಂಬುದು ತಂದೆಯಿಂದ ಮಗನಿಗೆ ಬಂದ ಹುದ್ದೆಯಾಗಿಯೋ, ಹುದ್ದೆ ಹೋದ ಮೇಲೂ ಉಳಿದ ಮನೆತನದ ಹೆಸರಾಗಿಯೋ ಕಂಡದ್ದುಂಟೇ? ಶಾಸನಗಳನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.