ಸಹಾಯ ಬೇಕು: ತಮ್ಮನ ತಪ್ಪೊಪ್ಪಿಗೆಯನ್ನು ಪ್ರಶ್ನಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಗದ್ದೆಯ ಬದುವಿನ ಜಗಳದಲ್ಲಿ ನನ್ನ ತಮ್ಮನ ಮೇಲೆ ಹಲ್ಲೆ ಪ್ರಕರಣ ದಾಖಲಾಗಿತ್ತು. ಅವನು ಹೊಡೆದಿರಲಿಲ್ಲ, ಬಿಡಿಸಲು ಹೋಗಿದ್ದ. ಕೋರ್ಟಿನ ಜಗಲಿಯಲ್ಲಿ ಯಾರೋ, "ಒಪ್ಪಿಕೊಂಡುಬಿಡು, ದಂಡ ಕಟ್ಟಿ ಮನೆಗೆ ಹೋಗಬಹುದು, ಇಲ್ಲವಾದರೆ ವರ್ಷಗಟ್ಟಲೆ ಅಲೆಯಬೇಕು" ಎಂದು ಹೆದರಿಸಿದರಂತೆ. ವಕೀಲರಿರಲಿಲ್ಲ. "ಹೂಂ ಸ್ವಾಮಿ" ಎಂದಷ್ಟೇ ಹೇಳಿ ದಂಡ ಕಟ್ಟಿ ಬಂದ. ಈಗ ಚಾಲಕ ಹುದ್ದೆಯ ಪೊಲೀಸ್ ಪರಿಶೀಲನೆಯಲ್ಲಿ ಅದೇ ಶಿಕ್ಷೆ ಅಡ್ಡ ನಿಂತಿದೆ.

ಕೋರ್ಟಿನಲ್ಲಿ ಅವನ ಒಪ್ಪಿಗೆ ದಾಖಲಿಸಿದ ಕಾಗದದ ದೃಢೀಕೃತ ಪ್ರತಿ ತೆಗೆಸಿ ನೋಡಿದೆ. ಮೊದಲೇ ಅಚ್ಚಾದ ಒಂದು ಸಾಲು, ಖಾಲಿ ಜಾಗದಲ್ಲಿ ಅವನ ಹೆಸರು, ಕೆಳಗೆ ನಡುಗಿದ ಸಹಿ. ಆರೋಪಿಯ ಒಪ್ಪಿಗೆಯನ್ನು ಸಾಧ್ಯವಾದಷ್ಟು ಅವನದೇ ಮಾತುಗಳಲ್ಲಿ ದಾಖಲಿಸಬೇಕು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಪ್ರಕರಣಗಳ ವಿಚಾರಣೆ ಹೇಗೆ ನಡೆಯಬೇಕೆಂದು ಹೇಳುವ ಕಾನೂನು) ಕಲಂ 275. ಆ ಸಾಲಿನಲ್ಲಿ ನನ್ನ ತಮ್ಮನ ಒಂದು ಮಾತೂ ಇಲ್ಲ!

ಕಲಂ 416ರಂತೆ ತಪ್ಪೊಪ್ಪಿಕೊಂಡವರು ಶಿಕ್ಷೆಯ ಪ್ರಮಾಣ, ಕಾನೂನುಬದ್ಧತೆಯ ಬಗ್ಗೆ ಮಾತ್ರ ಮೇಲ್ಮನವಿ ಸಲ್ಲಿಸಬಹುದು. ಹಾಗಾಗಿ ಸೆಷನ್ಸ್ ನ್ಯಾಯಾಲಯದಲ್ಲಿ ಕಲಂ 438ರಡಿ ಪುನರೀಕ್ಷಣಾ ಅರ್ಜಿಯೇ (ಕೆಳ ಕೋರ್ಟಿನ ಆದೇಶ ಸರಿಯೇ ಎಂದು ಪರಿಶೀಲಿಸಲು ಕೋರುವ ಅರ್ಜಿ) ದಾರಿ ಎಂದುಕೊಂಡಿದ್ದೇನೆ. ಆದರೆ 90 ದಿನಗಳ ಅವಧಿ ಮೀರಿದೆ. ವಿಳಂಬ ಮನ್ನಾ ಕೋರಿ ಯಾರಾದರೂ ಗೆದ್ದಿದ್ದೀರಾ? ದಂಡ ಕಟ್ಟಿದ್ದು ಅಡ್ಡಿಯಾಗುತ್ತದೆಯೇ? ಇಂಥ ಪ್ರಕರಣ ನಡೆಸಿರುವ ವಕೀಲರು ದಯವಿಟ್ಟು ತಿಳಿಸಿ. ತಮ್ಮ ಸರಿಯಾಗಿ ಊಟ ಮಾಡಿ ವಾರವಾಯಿತು.