ಹುಲಿಯ ಮೈಗೆ ಆನೆಯ ತಲೆ ಕೂರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಚಿತ್ರಕಲಾ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಮಕ್ಕಳ ಕಥೆಯೊಂದಕ್ಕೆ ಆನೆಯ ತಲೆ, ಹುಲಿಯ ಮೈ, ಹದ್ದಿನ ರೆಕ್ಕೆ ಇರುವ ಪ್ರಾಣಿಯನ್ನು ಬರೆಯುತ್ತಿದ್ದೇನೆ. ಬಿಡಿಬಿಡಿಯಾಗಿ ಎಲ್ಲವೂ ಚೆನ್ನಾಗಿವೆ, ಒಟ್ಟಿಗೆ ನೋಡಿದರೆ ಕತ್ತರಿಸಿ ಅಂಟಿಸಿದಂತಿದೆ. ಎಲ್ಲಿ ತಪ್ಪಿದೆ?

ಉತ್ತರ: ನೀವು ಹಾಕಿದ ಚಿತ್ರವನ್ನು ನೋಡಿದೆ. ರೋಮಕ್ಕೂ ಗರಿಗೂ ತುಂಬಾ ಹೊತ್ತು ಕೊಟ್ಟಿದ್ದೀರಿ, ಕತ್ತಿಗೂ ಹೆಗಲಿಗೂ ಕೊಟ್ಟಿಲ್ಲ. ಆನೆಯ ತಲೆಯನ್ನು ಹುಲಿಯ ಕತ್ತು ಹೊರಲಾರದು, ಆನೆ ನೋಡಿದ ಮಗುವಿಗೂ ಅದು ತಿಳಿಯುತ್ತದೆ. ಕಾಡುಕೋಣವನ್ನು ಗಮನಿಸಿ. ಅದರ ಹೆಗಲ ಮೇಲಿನ ದಿಣ್ಣೆ ಬರೀ ಕೊಬ್ಬಲ್ಲ. ಬೆನ್ನುಮೂಳೆಯ ಮೇಲ್ಚಾಚುಗಳು ಅಲ್ಲಿ ಉದ್ದವಾಗಿ ಬೆಳೆದಿರುತ್ತವೆ. ನಿಮ್ಮ ಪ್ರಾಣಿಗೂ ಅಂಥ ಹೆಗಲನ್ನು ಕೊಡಿ, ಕತ್ತನ್ನು ಗಿಡ್ಡ ಮಾಡಿ.

ರೆಕ್ಕೆಯ ಕಥೆ ಇನ್ನೂ ಕಷ್ಟದ್ದು. ಹಕ್ಕಿಯ ರೆಕ್ಕೆಯೂ ಬಾವಲಿಯ ರೆಕ್ಕೆಯೂ ಮೂಲತಃ ಮುಂಗಾಲುಗಳೇ. ನಿಮ್ಮ ಪ್ರಾಣಿಗೆ ಮುಂಗಾಲೂ ಇವೆ, ರೆಕ್ಕೆಯೂ ಇದೆ. ಹಾಗಾಗಿ ಇನ್ನೊಂದು ಜೊತೆ ಹೆಗಲೆಲುಬುಗಳನ್ನು ಕಲ್ಪಿಸಿಕೊಂಡು, ಅವುಗಳಿಗೆ ಜಾಗವಾಗುವಷ್ಟು ಎದೆಗೂಡನ್ನು ಉದ್ದ ಮಾಡಬೇಕು. ಹಕ್ಕಿಯಲ್ಲಿ ರೆಕ್ಕೆ ಬಡಿಯುವ ದೊಡ್ಡ ಸ್ನಾಯುಗಳಿರುವುದು ಎದೆಯಲ್ಲಿ. ನೀವು ಬೆನ್ನನ್ನು ಉಬ್ಬಿಸಿ ಎದೆಯನ್ನು ಚಪ್ಪಟೆ ಬಿಟ್ಟಿದ್ದೀರಿ.

ಸಾಧ್ಯವಾದರೆ ಹಳೇಬೀಡಿಗೆ ಹೋಗಿ ಬನ್ನಿ. ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಬುಡದ ಪಟ್ಟಿಕೆಗಳಲ್ಲಿ, ಹಂಸಗಳ ಸಾಲಿನ ಕೆಳಗೇ ಮಕರಗಳ ಸಾಲಿದೆ. ಸೊಂಡಿಲು ಆನೆಯದು, ಬಾಯಿ ಮೊಸಳೆಯದು, ಮೈ ಹಂದಿಯದು, ಬಾಲ ನವಿಲಿನದು. ಮೈ ಮುಗಿದು ಬಾಲ ಶುರುವಾಗುವ ಗೆರೆಯನ್ನು ಹುಡುಕಿ ನೋಡಿ. ಬಾಲ ಬಳ್ಳಿಯ ಸುರುಳಿಯಾಗಿ ಹರಡಿಕೊಳ್ಳುತ್ತದೆ, ಬೆಸುಗೆ ಅದರಲ್ಲೇ ಕರಗಿಹೋಗುತ್ತದೆ. ನಾನು ಅಲ್ಲಿ ಕೂತು ಬರೀ ಬಾಲಗಳನ್ನೇ ಒಂದು ಪುಸ್ತಕದ ತುಂಬ ಬರೆದುಕೊಂಡಿದ್ದೇನೆ. ಇಂದಿಗೂ ಕೈ ತಡೆದಾಗ ಅದನ್ನೇ ತೆರೆಯುತ್ತೇನೆ.

ಇನ್ನೊಬ್ಬರ ಪ್ರಶ್ನೆ: ನನ್ನ ಕಥೆಯ ನಾಯಕ ಗಂಡಭೇರುಂಡ. ಎಷ್ಟು ಬರೆದರೂ ರಾಜ್ಯ ಲಾಂಛನದಂತೆಯೇ ಬರುತ್ತಿದೆ, ಜೀವ ಬರುತ್ತಿಲ್ಲ.

ಉತ್ತರ: ಲಾಂಛನದಲ್ಲಿ ಎಡಬಲ ಸಮನಾಗಿರುವುದೇ ಗಾಂಭೀರ್ಯ. ಕಥೆಯಲ್ಲಿ ಅದೇ ಅಡ್ಡಿ. ಬಳ್ಳಿಗಾವಿಯಲ್ಲಿ 1047ರ ಭೇರುಂಡೇಶ್ವರ ಕಂಬವಿದೆ; ಅಲ್ಲಿಯ ಗಂಡಭೇರುಂಡನಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಸಾವಿರ ವರ್ಷದ ಹಿಂದಿನ ಶಿಲ್ಪಿಯೇ ಅಷ್ಟು ಸ್ವಾತಂತ್ರ್ಯ ತೆಗೆದುಕೊಂಡಿರುವಾಗ ನೀವು ಹೆದರುವುದೇಕೆ?

ಎರಡು ತಲೆಗಳಿಗೆ ಎರಡು ಸ್ವಭಾವ ಕೊಡಿ. ಒಂದು ನಿದ್ದೆ ಮಾಡುವಾಗ ಇನ್ನೊಂದು ಕಾವಲು ಕಾಯಲಿ. ಆಗ ಒಂದು ಕತ್ತು ಜೋಲುತ್ತದೆ, ಇನ್ನೊಂದು ಸೆಟೆದು ನಿಲ್ಲುತ್ತದೆ, ಮೈಯ ಭಾರ ಒಂದು ಕಾಲಿಗೆ ವಾಲುತ್ತದೆ. ಹದ್ದು ಸದಾ ಸಿಟ್ಟಿನಲ್ಲಿರುವಂತೆ ಕಾಣುವುದು ಕಣ್ಣಿನ ಮೇಲೆ ಚಾಚಿದ ಹುಬ್ಬೆಲುಬಿನಿಂದ. ಮೆತ್ತನೆಯ ಸ್ವಭಾವದ ತಲೆಗೆ ಆ ಎಲುಬನ್ನು ತಗ್ಗಿಸಿ, ಮುಖದ ಭಾವ ಪೂರ್ತಿ ಬದಲಾಗುತ್ತದೆ. ಬಣ್ಣವನ್ನು ಇನ್ನೂ ಮುಟ್ಟಬೇಡಿ. ಇಡೀ ಆಕೃತಿಗೆ ಕಪ್ಪು ತುಂಬಿ ದೂರದಿಂದ ನೋಡಿ. ಯಾವ ತಲೆ ಯಾವುದೆಂದು ಗೊತ್ತಾಗದಿದ್ದರೆ ಕತ್ತಿನ ಬಾಗನ್ನು ಮತ್ತೆ ತಿದ್ದಿ.

ಮೊದಲು ಕೇಳಿದವರು: ಮೇಡಂ, ರೋಮಕ್ಕೆ ಟ್ಯಾಬ್ಲೆಟ್‌ನಲ್ಲಿ ಯಾವ ಬ್ರಷ್ ಒಳ್ಳೆಯದು?

ಉತ್ತರ: ಸಾದಾ ದುಂಡು ಬ್ರಷ್ ಸಾಕು. ಹೆಗಲು ತಿದ್ದಿದ ಪೆನ್ಸಿಲ್ ಚಿತ್ರವನ್ನು ಮೊದಲು ಇಲ್ಲಿ ಹಾಕಿ, ನೋಡುತ್ತೇನೆ.