ಗ್ಲೈಸಿನ್ ಕಾರ್ಬನ್ ಡಾಟ್: ಪೀಕ್ ಸರಿಯುತ್ತಿದೆ, ಬೆಳಕು ಮಾತ್ರ ಇಲ್ಲ

ನೀಲಿಬೆಳಕು:
ಕಾರ್ಬನ್ ಡಾಟ್ (ಬೆಳಕು ಬಿದ್ದರೆ ಹೊಳೆಯುವ ಇಂಗಾಲದ ನ್ಯಾನೊ ಕಣ) ಮಾಡಲು ಹೊರಟ ಮೂರನೇ ಬ್ಯಾಚೂ ಹೀಗೇ ಆಯಿತು, ಸಾಕಾಗಿದೆ. ಗ್ಲೈಸಿನ್ 1.5 ಗ್ರಾಂ, ಡಿಸ್ಟಿಲ್ಡ್ ನೀರು 20 ಮಿಲಿ, ಆಟೋಕ್ಲೇವ್ (ಹೊರಗೆ ಸ್ಟೀಲ್ ಜಾಕೆಟ್, ಒಳಗೆ ಟೆಫ್ಲಾನ್ ಲೈನರ್ ಇರುವ ಒತ್ತಡದ ಪಾತ್ರೆ), 180 ಡಿಗ್ರಿ. ದ್ರಾವಣ ತಿಳಿ ಹಳದಿ. 0.22 ಮೈಕ್ರಾನ್ ಫಿಲ್ಟರ್ ಹಾಕಿದ್ದೇನೆ. ಡಾಟ್ ಆಗಿರುವುದು ಖಚಿತ: ಎಕ್ಸೈಟೇಶನ್ (ಒಳಬಿಡುವ ಬೆಳಕಿನ ತರಂಗಾಂತರ) ಹೆಚ್ಚಿಸಿದಂತೆ ಎಮಿಶನ್ (ಹೊರಬರುವ ಬೆಳಕು) ಪೀಕೂ ಕೆಂಪಿನ ಕಡೆಗೆ ಸರಿಯುತ್ತದೆ. ಆದರೂ ಯುವಿ ಟಾರ್ಚ್ ಹಿಡಿದರೆ ಹೊಳಪೇ ಇಲ್ಲ. ಯಾಕೆ?

ಟೆಫ್ಲಾನ್‌ಕಪ್:
ಕಬ್ಬಿಣ. ಸ್ಟೀಲ್ ಜಾಕೆಟ್‌ನಿಂದ ಫೆರಿಕ್ ಅಯಾನು ಸೇರಿದರೆ ಡಾಟ್‌ನ ಹೊಳಪನ್ನು ನುಂಗಿಬಿಡುತ್ತದೆ. ಲೈನರನ್ನು 10% ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಚೆನ್ನಾಗಿ ತೊಳೆದು ಮತ್ತೆ ಮಾಡಿ.

ಕ್ಯುವೆಟ್:
ಟಾರ್ಚ್ 365 ನ್ಯಾನೊಮೀಟರ್‌ನದ್ದೋ 395ರದ್ದೋ? 395 ಆದರೆ ಅದರ ನೇರಳೆಯೇ ಕಣ್ಣಿಗೆ ಕಾಣುತ್ತದೆ, ಮಂದ ನೀಲಿ ಅದರಡಿ ಮುಚ್ಚಿಹೋಗುತ್ತದೆ. ಎಷ್ಟು ಗಂಟೆ ಇಟ್ಟಿರಿ? 350ರಲ್ಲಿ ಅಬ್ಸಾರ್ಬೆನ್ಸ್ (ಬೆಳಕು ಹೀರುವ ಅಳತೆ) ಎಷ್ಟು? ಅದು 0.1 ದಾಟಿದ್ದರೆ ಮೊದಲು ದುರ್ಬಲಗೊಳಿಸಿ. ಗಟ್ಟಿ ದ್ರಾವಣದಲ್ಲಿ ಬೆಳಕು ಮುಂದಿನ ಗೋಡೆಯಲ್ಲೇ ಹೀರಿಹೋಗುತ್ತದೆ, ಕ್ಯುವೆಟ್‌ನ (ದ್ರಾವಣ ಅಳೆಯುವ ಪಾರದರ್ಶಕ ಪಾತ್ರೆ) ನಡುವಿಗೆ ತಲುಪುವುದೇ ಇಲ್ಲ.

ನೀಲಿಬೆಳಕು:
4 ಗಂಟೆ. ಟಾರ್ಚ್ 365. ನೂರು ಪಟ್ಟು ದುರ್ಬಲಗೊಳಿಸಿಯೇ ಅಳೆದದ್ದು, ಅದನ್ನು ಹೇಳಲೇಬೇಕು ಅನ್ನಿಸಲಿಲ್ಲ.

ಟೆಫ್ಲಾನ್‌ಕಪ್:
ಹಾಗಾದರೆ ಕಬ್ಬಿಣವೇ. ಇಡಿಟಿಎ (ಲೋಹದ ಅಯಾನನ್ನು ಕಟ್ಟಿಹಾಕುವ ರಾಸಾಯನಿಕ) 1 ಮಿಲಿಮೋಲಾರ್ ಆಗುವಷ್ಟು ಸೇರಿಸಿ ಹತ್ತು ನಿಮಿಷ ಬಿಡಿ, ಹೊಳಪು ಏರಬೇಕು.

ನೀಲಿಬೆಳಕು:
ಸೇರಿಸಿದೆ. ಒಂದಿಷ್ಟೂ ಏರಲಿಲ್ಲ.

ಟೆಫ್ಲಾನ್‌ಕಪ್:
ಪಿಎಚ್ ಕಡಿಮೆಯಿದ್ದರೆ ಇಡಿಟಿಎ ಹಿಡಿತ ಸಡಿಲ. 7ಕ್ಕೆ ತಂದು ನೋಡಿ.

ಅಲೆಸಂಖ್ಯೆ:
ಕಬ್ಬಿಣವನ್ನು ಸ್ವಲ್ಪ ಪಕ್ಕಕ್ಕಿಡಿ. ಪೀಕ್‌ಗಳು ಎಲ್ಲೆಲ್ಲಿ ಬಂದವು, ಸ್ಲಿಟ್ (ಯಂತ್ರದಲ್ಲಿ ಬೆಳಕು ಹಾಯುವ ಸೀಳು) ಎಷ್ಟು?

ನೀಲಿಬೆಳಕು:
350ಕ್ಕೆ 397, 380ಕ್ಕೆ 436, 400ಕ್ಕೆ 463. ಸ್ಲಿಟ್ ಎರಡೂ ಕಡೆ 10 ನ್ಯಾನೊಮೀಟರ್.

ಅಲೆಸಂಖ್ಯೆ:
ಮೂರನ್ನೂ ಅಲೆಸಂಖ್ಯೆಗೆ (ಒಂದು ಸೆಂಟಿಮೀಟರ್‌ನಲ್ಲಿ ಎಷ್ಟು ಅಲೆ) ಬದಲಿಸಿ ವ್ಯತ್ಯಾಸ ತೆಗೆಯಿರಿ. 350 ಅಂದರೆ ಸೆಂಟಿಮೀಟರ್‌ಗೆ 28571, 397 ಅಂದರೆ 25189. ಅಂತರ ಸುಮಾರು 3400. ಉಳಿದೆರಡಕ್ಕೂ ಅಷ್ಟೇ ಬರುತ್ತದೆ. ಅದು ನೀರಿನ ಓ-ಎಚ್ ಕಂಪನ. ನೀವು ನೋಡುತ್ತಿರುವುದು ನೀರಿನ ರಾಮನ್ ಚದುರಿಕೆ (ಬೆಳಕು ಆ ಕಂಪನಕ್ಕೆ ಸ್ವಲ್ಪ ಶಕ್ತಿ ಕೊಟ್ಟು ಚದುರುವುದು), ಡಾಟ್ ಅಲ್ಲ. ಎಕ್ಸೈಟೇಶನ್ ಜೊತೆ ಸರಿಯುವುದೇ ಅದರ ಗುಣ, ಅದಕ್ಕೇ ಕಾರ್ಬನ್ ಡಾಟ್ ಅಂತ ನಂಬಿಸುತ್ತದೆ. ಅಗಲವನ್ನೂ ನೋಡಿ: ಡಾಟ್‌ನ ಎಮಿಶನ್ ಅರ್ಧ ಎತ್ತರದಲ್ಲಿ ಸಾಮಾನ್ಯವಾಗಿ 60ರಿಂದ 100 ನ್ಯಾನೊಮೀಟರ್ ಹರಡಿರುತ್ತದೆ, ರಾಮನ್ ಪೀಕ್ ಚೂಪಾಗಿರುತ್ತದೆ. ಅದೇ ಕ್ಯುವೆಟ್, ಅದೇ ಸ್ಲಿಟ್, ಬರೀ ನೀರು ತುಂಬಿ ಓಡಿಸಿ.

ನೀಲಿಬೆಳಕು:
ಬರೀ ನೀರಲ್ಲೂ ಅದೇ ಜಾಗ, ಹೆಚ್ಚುಕಡಿಮೆ ಅದೇ ಎತ್ತರ. ಹಾಗಾದರೆ ಪಾತ್ರೆಯಲ್ಲಿ ಏನೂ ಆಗಿಲ್ಲವೇ?

ಅಲೆಸಂಖ್ಯೆ:
ಹೆಚ್ಚೇನೂ ಆಗಿಲ್ಲ. ಗ್ಲೈಸಿನ್ ಒಂದೇ ಇದ್ದರೆ ನೀರಿನಲ್ಲಿ ಜೋಡಿಯಾಗಿ ಡೈಪೆಪ್ಟೈಡ್, ಉಂಗುರವಾಗಿ ಡೈಕೀಟೊಪಿಪರಜೀನ್ ಆಗುತ್ತದೆ, ಬಹಳಷ್ಟು ಹಾಗೇ ಉಳಿಯುತ್ತದೆ. ಸಿಟ್ರಿಕ್ ಆಮ್ಲ ಸೇರಿಸಿ. ಹೊಳಪೇ ಬೇಕೆಂದರೆ ಗ್ಲೈಸಿನ್ ಬದಲು ಗಂಧಕವಿರುವ ಅಮೈನೋ ಆಮ್ಲ ಸಿಸ್ಟೀನ್: ನಿರ್ಜಲ ಸಿಟ್ರಿಕ್ ಆಮ್ಲ 1.92 ಗ್ರಾಂ, ಸಿಸ್ಟೀನ್ 1.21 ಗ್ರಾಂ, ಅಂದರೆ ತಲಾ 10 ಮಿಲಿಮೋಲ್, ನೀರು 20 ಮಿಲಿ, 50 ಮಿಲಿ ಲೈನರ್, 180 ಡಿಗ್ರಿ, 6 ಗಂಟೆ. ಲೈನರನ್ನು ಮೂರನೇ ಎರಡಕ್ಕಿಂತ ಹೆಚ್ಚು ತುಂಬಬೇಡಿ. ತಾನಾಗಿ ಪೂರ್ತಿ ಆರಿದ ಮೇಲೆ ಫ್ಯೂಮ್ ಹುಡ್ ಒಳಗೇ ತೆರೆಯಿರಿ, ಹೈಡ್ರೋಜನ್ ಸಲ್ಫೈಡ್ ಇರುತ್ತದೆ.

ಕ್ಯುವೆಟ್:
ಅದು ಹೊಳೆಯುತ್ತದೆ ನಿಜ, ಆದರೆ ಡಾಟ್ ಅಲ್ಲ. ಸಿಟ್ರಿಕ್-ಸಿಸ್ಟೀನ್ ಕೂಡಿದರೆ ಥಯಜೋಲೊಪಿರಿಡಿನ್ ಉಂಗುರದ ಸಣ್ಣ ಅಣು ಆಗುತ್ತದೆ, 420ರ ಆಸುಪಾಸಿನ ನೀಲಿ ಅದರದ್ದೇ. ಎಕ್ಸೈಟೇಶನ್ ಬದಲಿಸಿದರೂ ಪೀಕ್ ಅಲುಗುವುದಿಲ್ಲ.

ಟೆಫ್ಲಾನ್‌ಕಪ್:
ಹೊಳೆದರೆ ಸಾಕಲ್ಲವೇ? ಎಲ್ಲರೂ ಡಾಟ್ ಅಂತಲೇ ಕರೆಯುತ್ತಾರೆ. ನನ್ನ ದೊಡ್ಡ ಝೆನಾನ್ ದೀಪದ ಯಂತ್ರದಲ್ಲಿ ಅಳೆದರೆ ಕ್ವಾಂಟಂ ಯೀಲ್ಡ್ (ಹೀರಿದ ಬೆಳಕಿನಲ್ಲಿ ಹೊಳಪಾಗಿ ಹೊರಬರುವ ಪಾಲು) ಸೊಗಸಾಗಿ ಬರುತ್ತದೆ.

ಕ್ಯುವೆಟ್:
ದೀಪ ದೊಡ್ಡದಾದರೆ ಅಣು ಡಾಟ್ ಆಗುವುದಿಲ್ಲ. 1000 ಡಾಲ್ಟನ್ (ಅಣುತೂಕದ ಏಕಮಾನ) ಚೀಲದಲ್ಲಿ 48 ಗಂಟೆ ಡಯಾಲಿಸಿಸ್ ಮಾಡಲಿ, ಅದಕ್ಕಿಂತ ಸಾಕಷ್ಟು ಹಗುರವಾದ ಅಣು ಹೊರನೀರಿಗೆ ಸೋರುತ್ತದೆ. ಆ ಅಣುವಿನ ತೂಕ 241, ಹೊರಗೆ ಬಂದುಬಿಡುತ್ತದೆ. ಮೊದಲ ಹೊರನೀರನ್ನು ಚೆಲ್ಲದೆ ಅಳೆಯಲಿ.

ನೀಲಿಬೆಳಕು:
ಸಿಟ್ರಿಕ್-ಸಿಸ್ಟೀನ್ ಮಾಡಿದೆ. ಟಾರ್ಚ್‌ಗೆ ಕಣ್ಣು ಕುಕ್ಕುವ ನೀಲಿ. ಡಯಾಲಿಸಿಸ್ ಆದಮೇಲೆ ಹೊಳೆಯುತ್ತಿರುವುದು ಹೊರಗಿನ ನೀರು. ಚೀಲದೊಳಗೆ ಉಳಿದದ್ದು ಕಂದು, ಮಂದ. ಯೀಲ್ಡ್ ಯಾವುದರದ್ದು ಬರೆಯಲಿ?

ಅಲೆಸಂಖ್ಯೆ:
ಎರಡರದ್ದೂ, ಬೇರೆಬೇರೆಯಾಗಿ. ಹೋಲಿಕೆಯ ಅಳತೆಗೋಲಾದ ಕ್ವಿನೈನ್ ಸಲ್ಫೇಟ್‌ಗೆ 0.1 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ಯೀಲ್ಡ್ 0.54 ಇಟ್ಟುಕೊಳ್ಳಿ. ಹೈಡ್ರೋಕ್ಲೋರಿಕ್ ಬೇಡ, ಕ್ಲೋರೈಡ್ ಕ್ವಿನೈನ್‌ನ ಹೊಳಪನ್ನು ಇಳಿಸಿ ನಿಮ್ಮ ಅಂಕಿಯನ್ನು ಸುಳ್ಳಾಗಿ ಏರಿಸುತ್ತದೆ. ಎಲ್ಲವನ್ನೂ 350ರಲ್ಲಿ 0.05ರ ಅಬ್ಸಾರ್ಬೆನ್ಸ್‌ಗೆ ತನ್ನಿ. ಒಳಗಿನದು ಮಂದವಿರುವುದರಿಂದ ನೀರಿನ ರಾಮನ್ ಅಲ್ಲಿ ಮತ್ತೆ ತಲೆ ಎತ್ತುತ್ತದೆ, ಬ್ಲಾಂಕ್ (ಬರೀ ನೀರಿನ ಅಳತೆ) ಕಳೆದೇ ಲೆಕ್ಕ ಹಾಕಿ.

ಟೆಫ್ಲಾನ್‌ಕಪ್:
ಆ ಕಂದು ದ್ರಾವಣಕ್ಕೆ ಒಮ್ಮೆ ಇಡಿಟಿಎ ಹಾಕಿ ನೋಡಿ.